ಎರಡು ಮೈಲಿ ಹಿಂದಕ್ಕೆ

ಬ್ಲ್ಯಾಕ್‌ಸಾಡ್
೬ ಜನವರಿ ೧೯೯೧

ಪ್ರೀತಿಯ ಅಕ್ಕ,

ಇವತ್ತು ಹೆಂಗಸರ ಕ್ರಿಸ್‌ಮಸ್. ಊರಿನ ಹೆಂಗಸರೆಲ್ಲ ಪಾತ್ರೆ ತೊಳೆಯುವ ಕೆಲಸವನ್ನು ಗಂಡಸರಿಗೆ ಬಿಟ್ಟು ಒಬ್ಬರ ಮನೆಗೊಬ್ಬರು ಚಹಾಕ್ಕೆ ಹೊರಟಿದ್ದಾರೆ. ನನ್ನ ಮನೆಯಲ್ಲಿ ಬಿಟ್ಟು ಹೋಗಲು ಗಂಡಸೂ ಇಲ್ಲ, ಈಗ ಅಂಥ ಪಾತ್ರೆಯೂ ಇಲ್ಲ. ಒಂದು ಕಪ್ಪು, ಒಂದು ತಟ್ಟೆ. ಹಾಗಾಗಿ ನಿನಗೆ ಬರೆಯುತ್ತಾ ಕೂತಿದ್ದೇನೆ.

ಒಂದು ಸುದ್ದಿ ಇದೆ, ನಗಬಾರದು. ಜೂನ್ ತಿಂಗಳಲ್ಲಿ ನಾನು ಸೈಕಲ್ ಮೇಲೆ ಡಬ್ಲಿನ್‌ಗೆ ಹೋಗುತ್ತಿದ್ದೇನೆ. ನಮ್ಮ ಬ್ಲ್ಯಾಕ್‌ಸಾಡ್ ದೋಣಿಕಟ್ಟೆಯಿಂದ ಹೊರಟು ಆ ಕಡೆಯ ಸಮುದ್ರದವರೆಗೆ ಇನ್ನೂರು ಮೈಲಿ, ಮೂರು ದಿನ, ಹದಿನಾರು ಜನ. ಕೊನೆಗಾಲದಲ್ಲಿರುವವರ ಮನೆಗೇ ಬಂದು ನೋಡಿಕೊಳ್ಳುವ ಒಬ್ಬ ನರ್ಸು, ಅವಳಿಗೊಂದು ಕಾರು, ಇಷ್ಟು ನಮ್ಮ ಸೀಮೆಗೂ ಬೇಕು ಎಂದು ಹಣ ಕೂಡಿಸುತ್ತಿದ್ದಾರೆ. ಅಮ್ಮನಿಗೆ ಅಂಥವಳೊಬ್ಬಳು ಇದ್ದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ.

ಹೆಸರು ಕೊಡಬೇಕೆಂದು ಕೊಟ್ಟದ್ದಲ್ಲ. ಹಾಲಿನ ಲಾರಿ ಓಡಿಸುತ್ತಿದ್ದ ಕೊಲ್ಮನ್ ಬ್ಯಾರೆಟ್ ನೆನಪಿದ್ದಾನಲ್ಲ, ಈಗ ಕೆಲಸದಿಂದ ನಿವೃತ್ತನಾಗಿ ಊರಿಗೆಲ್ಲ ಯಜಮಾನಿಕೆ ಮಾಡುತ್ತಾನೆ. ನಾನು ಕೆಲಸ ಮಾಡುವ ಸಹಕಾರಿ ಅಂಗಡಿಯ ಗೋಡೆಗೆ ಅವನೇ ಕಾಗದ ಅಂಟಿಸಲು ಬಂದ. ಅದರಲ್ಲಿ ಒಂದೂ ಹೆಸರಿರಲಿಲ್ಲ. ಖಾಲಿ ಕಾಗದ ನೋಡಲಾಗದೆ ನನ್ನ ಹೆಸರು ಬರೆದೆ. ಅವನು ಕನ್ನಡಕ ಏರಿಸಿ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಲವತ್ತೇಳು ವರ್ಷ, ಅಲ್ವೇನಮ್ಮಾ?” ಎಂದ. “ನಲವತ್ತಾರೂ ಮುಕ್ಕಾಲು,” ಎಂದೆ.

ಮರುದಿನ ಕೊಟ್ಟಿಗೆಯಿಂದ ನಿನ್ನ ಹಳೆಯ ಕಪ್ಪು ಸೈಕಲ್ ಹೊರಗೆಳೆದೆ. ಆರು ಮೈಲಿ ಹೋದೆ. ಬರುವಾಗ ನಾಲ್ಕು ಮೈಲಿ ತಳ್ಳಿಕೊಂಡು ಬಂದೆ. ಕೊಲ್ಮನ್ ವ್ಯಾನಿನಲ್ಲಿ ಪಕ್ಕಕ್ಕೆ ಬಂದು ಕಿಟಕಿ ಇಳಿಸಿ, “ಏ ನೂಲಾ, ನೀನು ಸೈಕಲ್ ತುಳೀತಿದ್ದೀಯೋ, ಸೈಕಲ್ಲೇ ನಿನ್ನ ತುಳೀತಿದೆಯೋ?” ಎಂದ. ಎರಡು ದಿನ ನಿಂತುಕೊಂಡೇ ಊಟ ಮಾಡಿದೆ.

ಹದಿನೇಳನೇ ವಯಸ್ಸಿನಲ್ಲಿ ನೀನು ಬ್ಯಾಲಿನಾಗೆ ಹೋಗಿ ಸಂಜೆಯೊಳಗೆ ವಾಪಸ್ ಬರುತ್ತಿದ್ದೆ, ಉಸಿರು ಕೂಡ ಏರುತ್ತಿರಲಿಲ್ಲ. ಹೇಗೆಂದು ಬರೆ.

ಅಮ್ಮನ ವಿಷಯ ಮತ್ತೆ ಮತ್ತೆ ಯೋಚಿಸಬೇಡ. ಸಲೀಸಾಗಿ ಹೋದಳು, ಏನೂ ಕೇಳಲಿಲ್ಲ. ಮಠದವರು ಹೊರಗೆ ಬಿಡಲಿಲ್ಲ ಎಂದ ಮೇಲೆ ನೀನಾದರೂ ಏನು ಮಾಡುತ್ತಿದ್ದೆ.

ನಿನ್ನ ನೂಲಾ


ಮಠ
೨೦ ಜನವರಿ ೧೯೯೧

ನೂಲಾ,

ನಗಬಾರದು ಎಂದೆಯಲ್ಲ, ನಕ್ಕೆ. ಮೌನದ ಹೊತ್ತಿನಲ್ಲಿ ನಕ್ಕೆ. ಪಕ್ಕದಲ್ಲಿದ್ದ ಮುದುಕಿ ಸಿಸ್ಟರ್ ಸ್ಕೊಲಾಸ್ಟಿಕಾ ಕೆಮ್ಮಿ ನನ್ನ ನಗು ಮುಚ್ಚಿದರು.

ಮೊದಲು ಸೀಟು ನೋಡು. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗುವುದಿಲ್ಲ, ನನಗೆ ಗೊತ್ತು. ಅಮ್ಮ ಸಂತೆಗೆ ಹೋಗಲೆಂದು ಅದನ್ನು ತಗ್ಗಿಸಿದ್ದಳು, ಯಾರೂ ಮತ್ತೆ ಏರಿಸಿರಲಾರರು. ಆಮೇಲೆ, ಒತ್ತಿ ತುಳಿಯಬೇಡ. ಹಗುರವಾಗಿ, ಬೇಗ ಬೇಗ, ನೂಲು ಸುತ್ತುವ ಹಾಗೆ ತುಳಿ. ಹಸಿವಾಗುವ ಮೊದಲೇ ತಿನ್ನು. ದಿಬ್ಬದ ತುದಿ ನೋಡಬೇಡ. ಹತ್ತು ಗಜ ಮುಂದಿರುವ ಪೊದೆಯೊಂದನ್ನು ನೋಡು, ಅಲ್ಲಿಗೆ ತಲುಪು, ಅದನ್ನು ಮರೆತು ಇನ್ನೊಂದನ್ನು ನೋಡು. ಒಂದು ದಿನ ಹೋದರೆ ಒಂದು ದಿನ ಸುಮ್ಮನಿರು. ಕಾಲಿಗೆ ಕಸುವು ಬರುವುದು ತುಳಿದ ದಿನವಲ್ಲ, ಮಲಗಿದ ದಿನ. ಇದನ್ನು ಯಾರೂ ನಂಬುವುದಿಲ್ಲ.

ನಿನ್ನ ಪತ್ರ ಬಂದ ದಿನದಿಂದ ನಾನೂ ನಡೆಯುತ್ತಿದ್ದೇನೆ. ಹಿತ್ತಲ ತೋಟಕ್ಕೆ ಹನ್ನೊಂದು ಸುತ್ತು ಹಾಕಿದರೆ ಒಂದು ಮೈಲಿ. ಮೊನ್ನೆ ಮುಂಜಾನೆ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದಾಗ ಬ್ಯಾಂಗರ್ ರಸ್ತೆ ಬಂತು. ಎರಡೂ ಕಡೆ ಕಂದು ಬಣ್ಣದ ಜೌಗು, ನಡುವೆ ನೀರಿನ ಗೆರೆಯಂಥ ದಾರಿ, ನಾನು ತುಳಿಯುತ್ತಲೇ ಇರಲಿಲ್ಲ, ದಾರಿಯೇ ನನ್ನ ಕೆಳಗೆ ಹರಿಯುತ್ತಿತ್ತು. ಮಠಕ್ಕೆ ಬಂದ ಈ ಮೂವತ್ತೊಂದು ವರ್ಷ ಅದು ನನ್ನೊಳಗೆ ಎಲ್ಲಿ ಮಲಗಿತ್ತೋ.

ಒಂದು ಮಾತು ಕೇಳಲೇ? ಇಡೀ ಪತ್ರದ ತುಂಬ ಕೊಲ್ಮನ್, ಕೊಲ್ಮನ್. ಅವನು ಒಳ್ಳೆಯವನೇ ಆಗಿದ್ದ. ನನಗೆ ಸಂತೋಷವೇ.

ಬೂದಿ ಬುಧವಾರ ಫೆಬ್ರವರಿ ಹದಿಮೂರಕ್ಕೆ. ಅಲ್ಲಿಂದ ಈಸ್ಟರ್‌ವರೆಗೆ ಉಪವಾಸದ ಕಾಲ, ಇಲ್ಲಿ ಪತ್ರ ಕೊಡುವುದಿಲ್ಲ, ಬರೆಯುವಂತೆಯೂ ಇಲ್ಲ. ಬಂದದ್ದೆಲ್ಲ ಮಠ ನಡೆಸುವ ಮದರ್ ಇಗ್ನೇಷಿಯಾ ಅವರ ಮೇಜಿನಲ್ಲಿ ಇರುತ್ತದೆ. ಅಷ್ಟರೊಳಗೆ ಒಂದು ಬರೆ.

ಮರೇಡ್


ಬ್ಲ್ಯಾಕ್‌ಸಾಡ್
೧೦ ಫೆಬ್ರವರಿ ೧೯೯೧

ಅಕ್ಕ,

ಕೊಲ್ಮನ್‌ಗೆ ಅರವತ್ತಾರು ವರ್ಷ, ಎರಡೂ ಮಂಡಿ ಸವೆದಿವೆ, ಹೆಂಡತಿ ಡೆಲಿಯಾ ಗಟ್ಟಿಮುಟ್ಟಾಗಿದ್ದಾಳೆ. ಅವಳೇ ನನಗೆ ಪ್ಯಾಡ್ ಇಟ್ಟ ಚಡ್ಡಿ ಹೊಲಿದು ಕೊಟ್ಟದ್ದು. ನಿನ್ನ ಅನುಮಾನ ಹೇಳಿದೆ, ಹೊಲಿಗೆ ಯಂತ್ರದ ಮೇಲೆ ಬಿದ್ದು ನಕ್ಕಳು. “ಕರ್ಕೊಂಡ್ ಹೋಗೇ, ಒಂದ್ ವಾರಕ್ಕಾದ್ರೂ ಕರ್ಕೊಂಡ್ ಹೋಗೇ ತಾಯಿ,” ಎಂದಳು. ಮಠದೊಳಗೆ ಕೂತವರಿಗೆ ಇಂಥದೇ ಹೊಳೆಯುವುದು ಯಾಕೋ.

ಸೀಟು ತಗ್ಗಿತ್ತು, ನೀನು ಹೇಳಿದ ಹಾಗೆಯೇ. ಏರಿಸಿದೆ. ಆಮೇಲೆ ಕೊಲ್ಮನ್ ತನ್ನ ತಮ್ಮನ ಮಗಳ ಹಗುರ ಸೈಕಲ್ ತಂದುಕೊಟ್ಟ. ಹಸಿರು ಬಣ್ಣ, ಹತ್ತು ಗಿಯರು. ಮೊದಲ ದಿನ ಕುದುರೆ ಮರಿ ಹತ್ತಿದ ಹಾಗಿತ್ತು, ಎಲ್ಲಿ ನೋಡಿದರೆ ಅಲ್ಲಿಗೇ ಹೋಗುತ್ತದೆ. ಕುರಿಯೊಂದನ್ನು ನೋಡಿದೆ, ಅದರ ಕಡೆಗೇ ಹೋದೆ.

ನಿನ್ನೆ ಇಪ್ಪತ್ತೈದು ಮೈಲಿ. ಬೆಳಗ್ಗೆ ಹೊರಟಾಗ ಮಂಜು ಎಷ್ಟೆಂದರೆ ನನ್ನ ಕೈ ಕಾಣಿಸುತ್ತಿತ್ತು, ಕೈ ಹಿಡಿದ ಹ್ಯಾಂಡಲ್ ಅರ್ಧ ಕಾಣಿಸುತ್ತಿತ್ತು, ಮುಂದಿನ ಚಕ್ರ ಇದೆ ಎಂದು ನಂಬಬೇಕಿತ್ತು. ಎಡಕ್ಕೆ ಸಮುದ್ರ ಉಸಿರಾಡುತ್ತಿತ್ತು, ಬಲಕ್ಕೂ ಸಮುದ್ರವೇ. ನಡುವೆ ನಾನು ತೆಳ್ಳನೆಯ ನೆಲದ ಮೇಲೆ. ಎಷ್ಟು ದೂರ ಬಂದೆ ಗೊತ್ತಾಗಲಿಲ್ಲ. ದಣಿವು ಬಂತು, ನನ್ನನ್ನು ದಾಟಿ ಮುಂದೆ ಹೋಯಿತು, ಬೇರೆ ಯಾರದೋ ದಣಿವಿನ ಹಾಗೆ. ಬೆಲ್‌ಮುಲೆಟ್ ಚರ್ಚಿನ ಗಂಟೆ ಕೇಳಿದಾಗ ಮಾತ್ರ ನಾನು ಊರಿಗೆ ಬಂದಿದ್ದೇನೆ ಎಂದು ತಿಳಿಯಿತು. ಅಮ್ಮ ಹಾಸಿಗೆ ಹಿಡಿದ ಒಂಬತ್ತು ವರ್ಷದಲ್ಲಿ ನಾನು ಎಲ್ಲಿಗೂ ಹೊತ್ತು ನೋಡದೆ ಹೋದವಳಲ್ಲ.

ಇನ್ನೊಂದು ಸುದ್ದಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ದಾರಿಯ ನಕ್ಷೆ ಬಂದಿದೆ. ಎರಡನೆಯ ದಿನ, ಭಾನುವಾರ, ಸ್ಟ್ರೋಕ್ಸ್‌ಟೌನ್ ದಾಟಿದ ಮೇಲೆ ದಾರಿ ನಿಮ್ಮ ಮಠದ ಗೋಡೆಗೆ ತಾಗಿಕೊಂಡೇ ಹೋಗುತ್ತದೆ! ನಿಲ್ಲುತ್ತೇನೆ. ಭೇಟಿಯ ಕೋಣೆಯ ಆ ಜಾಲರಿಯ ಆಚೆ ಕೂತು ನೀನು ನನ್ನ ಕಾಲು ನೋಡಬೇಕು, ಈಗಲೇ ಕಲ್ಲಿನ ಹಾಗಾಗಿದೆ. ಅಮ್ಮನೊಂದಿಗೆ ಬಸ್ಸಿನಲ್ಲಿ ಬಂದು ಹತ್ತು ವರ್ಷವಾಯಿತು. ಈ ಸಲ ನನ್ನ ಕಾಲಿನಿಂದಲೇ ಬರುತ್ತೇನೆ.

ನೂಲಾ


ಬ್ಲ್ಯಾಕ್‌ಸಾಡ್
೩ ಮಾರ್ಚ್ ೧೯೯೧

ಅಕ್ಕ,

ಇದನ್ನು ನೀನು ಈಸ್ಟರ್‌ವರೆಗೆ ಓದುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ನಲವತ್ತು ಮೈಲಿಗೆ ಹೋಗಿದ್ದೆ, ಒಬ್ಬಳೇ. ತಿನ್ನಲು ಒಯ್ದ ರೊಟ್ಟಿ ಅಂಗಡಿಯಲ್ಲೇ ಮರೆತಿದ್ದೆ. ಬ್ಯಾಂಗರ್ ದಾರಿಯಿಂದ ವಾಪಸ್ ಬರುವಾಗ, ಮೂವತ್ತನೆಯ ಮೈಲಿಯ ಹತ್ತಿರ, ಒಮ್ಮೆಗೇ ಎಲ್ಲ ಖಾಲಿಯಾಯಿತು. ನೋವಲ್ಲ, ಒಳಗೆ ಯಾರೋ ದೀಪ ಆರಿಸಿದ ಹಾಗೆ. ಇಳಿದು ಜೌಗಿನ ಅಂಚಿನಲ್ಲಿ, ಒದ್ದೆ ಹುಲ್ಲಿನ ಮೇಲೆ ಕೂತೆ. ಮೋಡ ನೆಲಕ್ಕೆ ತಾಗಿತ್ತು. ಆಗ ಹಿಂದಿನಿಂದ ಸೈಕಲ್ ಬರುವ ಸದ್ದು ಕೇಳಿಸಿತು, ಸರಪಳಿ ಕವಚಕ್ಕೆ ತಾಗುವ ಆ ಟಿಕ್ ಟಿಕ್. ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಅಮ್ಮನಿಗೂ ಅದೇ ಸದ್ದು ಕೇಳಿಸುತ್ತಿತ್ತು, ಅಕ್ಕ. ಕೊನೆಯ ಹನ್ನೊಂದು ದಿನ. ಸಲೀಸಾಗಿ ಹೋದಳು ಎಂದು ಬರೆದೆ, ಸುಳ್ಳು. ಏನೂ ಕೇಳಲಿಲ್ಲ ಎಂದೆ, ಅದೂ ಸುಳ್ಳು. ಬೆಳಗಾದರೆ, “ನೋಡೇ, ಮರೇಡ್ ಬಂದ್ಲು, ಸೈಕಲ್ ಗೋಡೆಗೆ ಒರಗಿಸ್ತಿದ್ದಾಳೆ, ಬಾಗಿಲು ತೆಗಿ.” ನಾನು ಬಾಗಿಲು ತೆಗೆಯುತ್ತಿದ್ದೆ. ಸುಮ್ಮನೆ ತೆಗೆದು ಮುಚ್ಚಿದರೆ ಸಾಲದು, ಅಂಗಳಕ್ಕೆ ಹೋಗಿ ನೋಡಿ ಬರಬೇಕು. ದಿನಕ್ಕೆ ಎಷ್ಟು ಸಲ ಹೋದೆ ಗೊತ್ತಿಲ್ಲ. ನೀರು ಕುಡಿಸಲು ಬಾಯಿಯ ಹತ್ತಿರ ಲೋಟ ಹಿಡಿದರೆ, “ಅವಳಿಗೆ ಮೊದಲು ಕೊಡು, ದೂರದಿಂದ ತುಳ್ಕೊಂಡ್ ಬಂದಿದ್ದಾಳೆ,” ಅನ್ನುತ್ತಿದ್ದಳು. ಒಂಬತ್ತು ವರ್ಷ ಅವಳನ್ನು ಮಗ್ಗುಲು ತಿರುಗಿಸಿದವಳು ನಾನು. ಕೊನೆಯ ದಿನ ನನ್ನ ಮುಖ ನೋಡಿ, “ನೀನು ಒಳ್ಳೆ ಹೆಂಗಸು, ಯಾರ ಮಗಳಮ್ಮಾ?” ಎಂದು ಕೇಳಿದಳು.

ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಆ ಮದರ್ ಇಗ್ನೇಷಿಯಾ ಮೇಲೆ ಇದೆ. ಸಾಯುವ ತಾಯಿಯ ಹತ್ತಿರ ಮಗಳನ್ನು ಎರಡು ದಿನಕ್ಕೆ ಕಳಿಸದ ಹೆಂಗಸು ಯಾವ ದೇವರಿಗೆ ದೀಪ ಹಚ್ಚುತ್ತಾಳೆ? ಎದೆ ಇದೆಯೋ, ಅಲ್ಲೂ ಬೀಗ ಹಾಕಿದ್ದಾಳೋ? ಜೂನ್‌ನಲ್ಲಿ ಬಂದಾಗ ಮುಖದ ಮೇಲೇ ಕೇಳುತ್ತೇನೆ.

ಒಬ್ಬ ರೈತ ಟ್ರ್ಯಾಕ್ಟರ್ ನಿಲ್ಲಿಸಿ ಜಾಮ್ ಹಚ್ಚಿದ ಬ್ರೆಡ್ಡು ಕೊಟ್ಟ. ತಿಂದೆ, ಅತ್ತೆ, ಮನೆಗೆ ಬಂದೆ. ಒಟ್ಟು ನಲವತ್ತು ಮೈಲಿ ಆಯಿತು.

ನೂಲಾ


ಬ್ಲ್ಯಾಕ್‌ಸಾಡ್
೧೦ ಮಾರ್ಚ್ ೧೯೯೧

ಅಕ್ಕ, ಹೋದ ವಾರದ ಪತ್ರ ಓದಬೇಡ. ತೆರೆಯದೆ ಒಲೆಗೆ ಹಾಕು. ಹಸಿವಿನಲ್ಲಿ ಬರೆದದ್ದು. ನೂಲಾ.


ಮಠ
೨ ಏಪ್ರಿಲ್ ೧೯೯೧

ನನ್ನ ನೂಲಾ,

ಈಸ್ಟರ್ ದಿನ ಮಧ್ಯಾಹ್ನ ನಿನ್ನ ಎರಡೂ ಪತ್ರ ಒಟ್ಟಿಗೆ ಸಿಕ್ಕವು. ಚಿಕ್ಕದು ಮೇಲಿತ್ತು, ಅದನ್ನೇ ಮೊದಲು ಓದಿದೆ. ನೀನು ಹೇಳಿದ ಹಾಗೆ ದೊಡ್ಡದನ್ನು ಒಲೆಯವರೆಗೆ ಒಯ್ದೆ. ಒಂದು ದಿನವಿಡೀ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನಿನ್ನೆ ಓದಿದೆ.

ಇಲ್ಲಿ ಬರುವ ಪತ್ರಗಳನ್ನು ಮದರ್ ಇಗ್ನೇಷಿಯಾ ಮೊದಲು ತೆರೆದು ನೋಡುತ್ತಾರೆ, ನೀನು ಮರೆತಿದ್ದೆ ಅನಿಸುತ್ತದೆ. ಅವರು ಅದನ್ನು ನನ್ನ ಕೈಗಿಟ್ಟು, “ನಿನ್ನ ತಂಗಿ ಅಕ್ಷರ ಚೆನ್ನಾಗಿದೆ,” ಎಂದರು. ಬೇರೇನೂ ಹೇಳಲಿಲ್ಲ. ಹೇಳಬಹುದಿತ್ತು. ಹೇಳದೆ ಇರಲು ಅವರಿಗೆ ಹಕ್ಕಿತ್ತು, ನನಗಿಲ್ಲ.

ಅವರು ನನ್ನನ್ನು ತಡೆಯಲಿಲ್ಲ, ನೂಲಾ. “ಬರಲು ಆಗಲಿಲ್ಲ” ಎಂದು ನಾನು ಬರೆದೆ. ನೀನು ಅದನ್ನು “ಬಿಡಲಿಲ್ಲ” ಎಂದು ಓದಿದೆ. ಓದಲಿ ಎಂದು ಬಿಟ್ಟೆ.

ನವೆಂಬರ್‌ನಲ್ಲಿ ನಿನ್ನ ಫೋನು ಬಂದ ದಿನವೇ ಅವರು ನನ್ನನ್ನು ಕರೆದು, “ಹೋಗಿ ಬಾ. ಕಾರಿಗೆ ಹೇಳಿದೀನಿ. ಬೇಕಾದಷ್ಟು ದಿನ ಇದ್ದು ಬಾ,” ಎಂದರು. ಯಾರದೋ ಕೋಟು ತಂದುಕೊಟ್ಟರು. ಹೊರಬಾಗಿಲವರೆಗೆ ಬಂದೆ. ಬಾಗಿಲು ತೆರೆದಿತ್ತು, ಮಳೆ ನಿಂತ ಮೇಲಿನ ಬೆಳಕು ರಸ್ತೆಯ ಮೇಲೆ ಹರಡಿತ್ತು, ಒಂದು ಲಾರಿ ಹೋಯಿತು. ಅಷ್ಟೇ. ಕಾಲು ಏಳಲಿಲ್ಲ. ಕಾರಿನವನು ಟೋಪಿ ತೆಗೆದು ಕಾಯುತ್ತಿದ್ದ. “ಇವತ್ತು ಬೇಡ, ನಾಳೆ ಬನ್ನಿ,” ಎಂದೆ. ಮರುದಿನವೂ ಬಂದ. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಅಮ್ಮ ಹೋದ ಸುದ್ದಿ ಬಂತು.

ಹೊರಗೆ ಹೋದರೆ ಮತ್ತೆ ಒಳಗೆ ಬರಲಾರೆನೇನೋ ಎಂಬ ಭಯ ಅದು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಹೇಳಿಕೊಳ್ಳಲು ಚೆಂದದ ಭಯ. ನಿಜವಾದದ್ದು ಅಷ್ಟು ಚೆಂದವಿಲ್ಲ. ಅಮ್ಮನ ಹಾಸಿಗೆಯ ಪಕ್ಕದಲ್ಲಿ ನಿನ್ನ ಕೈಗಳನ್ನು ನೋಡಬೇಕಾಗುತ್ತದಲ್ಲ, ಅದಕ್ಕೆ ಹೆದರಿದೆ. ಒಂಬತ್ತು ವರ್ಷ ನಾನು ನಿಮ್ಮಿಬ್ಬರಿಗಾಗಿ ಪ್ರಾರ್ಥನೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನೀನು ಬಟ್ಟೆ ಒಗೆಯುತ್ತಿದ್ದೆ.

ಅವಳು ನನಗಾಗಿ ಕಾಯುತ್ತಿದ್ದಳು ಎಂದು ನೀನು ಹೇಳದಿದ್ದರೆ ನನಗೆಂದೂ ಗೊತ್ತಾಗುತ್ತಿರಲಿಲ್ಲ. ಮುಚ್ಚಿಟ್ಟದ್ದು ನನ್ನ ಮೇಲಿನ ಮರುಕಕ್ಕೆ ಎಂದು ಗೊತ್ತು. ನಾನು ಮುಚ್ಚಿಟ್ಟದ್ದು ಮಾತ್ರ ನನಗಾಗಿಯೇ.

ಜೂನ್‌ನಲ್ಲಿ ನೀನು ನಿಲ್ಲಬೇಕಾಗಿಲ್ಲ.

ಮರೇಡ್


ಮಠ
೨೮ ಏಪ್ರಿಲ್ ೧೯೯೧

ನೂಲಾ,

ನಿನ್ನ ಪತ್ರವಿಲ್ಲ. ಕೇಳುವುದಕ್ಕಾಗಿ ಬರೆಯುತ್ತಿಲ್ಲ.

ಸೇಬಿನ ಗಿಡ ಹೂ ಬಿಟ್ಟಿದೆ. ನಾನು ದಿನಕ್ಕೆ ಐವತ್ತೈದು ಸುತ್ತು ನಡೆಯುತ್ತೇನೆ, ಐದು ಮೈಲಿ. ಬರುವ ತಿಂಗಳು ನೀನು ವಾರಕ್ಕೊಂದು ದಿನ ಐವತ್ತು ಮೈಲಿಯ ಮೇಲೆ ಹೋಗಬೇಕು, ಕೊನೆಯ ಎರಡು ವಾರ ಕಡಿಮೆ ಮಾಡಬೇಕು. ಕಡಿಮೆ ಮಾಡುವಾಗ ಮೈ ಮಂಕಾಗುತ್ತದೆ, ಎಲ್ಲ ಮರೆತುಹೋಯಿತೇನೋ ಅನಿಸುತ್ತದೆ. ಹೆದರಬೇಡ. ಕಸುವು ಒಳಗೆ ಕೂಡಿಕೊಳ್ಳುತ್ತಿರುತ್ತದೆ.

ಮರೇಡ್


ಬ್ಲ್ಯಾಕ್‌ಸಾಡ್
೧೩ ಮೇ ೧೯೯೧

ಮರೇಡ್,

ನಿನ್ನ ಎರಡೂ ಪತ್ರ ಬಂದಿವೆ. ಶನಿವಾರ ಅರವತ್ತೆರಡು ಮೈಲಿ ಆಯಿತು. ಮಂಡಿಗೆ ಏನೂ ಆಗಿಲ್ಲ. ಊಟ ಸೇರುತ್ತಿದೆ.

ಹೊರಡುವುದು ಜೂನ್ ಒಂದು. ಎರಡನೆಯ ದಿನ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ನಿಮ್ಮ ಗೋಡೆಯ ಪಕ್ಕ ಹೋಗುತ್ತೇವೆ. ಗುಂಪಿನಲ್ಲಿ ಹೋಗುವಾಗ ಒಬ್ಬರಿಗಾಗಿ ಎಲ್ಲರೂ ನಿಲ್ಲುವುದು ಸರಿಯಲ್ಲ ಎಂದು ಕೊಲ್ಮನ್ ಹೇಳಿದ್ದಾನೆ.

ಮದರ್ ಇಗ್ನೇಷಿಯಾ ಅವರಿಗೆ ನನ್ನ ಕ್ಷಮೆ ತಿಳಿಸು. ಅವರು ಇದನ್ನು ಹೇಗೂ ಓದುತ್ತಾರೆ: ತಪ್ಪಾಯಿತು, ತಾಯಿ.

ನೂಲಾ ಗಾಹನ್


ಬ್ಲ್ಯಾಕ್‌ಸಾಡ್
೬ ಜೂನ್ ೧೯೯೧

ಅಕ್ಕ,

ನಿನ್ನೆ ಬಸ್ಸಿನಲ್ಲಿ ಮನೆಗೆ ಬಂದೆ. ಇನ್ನೂ ನೆಲ ನನ್ನ ಕೆಳಗೆ ಹರಿಯುತ್ತಲೇ ಇದೆ. ಕುರ್ಚಿಯ ಮೇಲೆ ಕೂತರೂ ಮನೆಯೇ ನಿಧಾನವಾಗಿ ಮುಂದೆ ಹೋಗುತ್ತಿದೆ ಅನಿಸುತ್ತದೆ.

ಶನಿವಾರ ಬೆಳಗ್ಗೆ ಪಾದ್ರಿ ಕಟ್ಟೆಯ ಮೇಲೆ ನಿಂತು ಎಲ್ಲರ ಮೇಲೂ, ಸೈಕಲ್ಲುಗಳ ಮೇಲೂ ಪವಿತ್ರ ನೀರು ಚಿಮುಕಿಸಿದರು. ಗಾಳಿ ಸಮುದ್ರದಿಂದ, ಬೆನ್ನಿಗೆ. ಎಪ್ಪತ್ತು ಮೈಲಿ ಹೇಗೆ ಕಳೆಯಿತೋ. ಕ್ರಾಸ್‌ಮೊಲಿನಾದ ಹತ್ತಿರ ಎಲ್ಲರೂ ಮಾತು ನಿಲ್ಲಿಸಿದರು, ಬರೀ ಚಕ್ರಗಳ ಸದ್ದು. ಹದಿನಾರು ಜನ ಒಂದೇ ನಿದ್ದೆಯೊಳಗೆ ಹೋಗುತ್ತಿರುವ ಹಾಗೆ. ರಾತ್ರಿ ಸ್ವಿನ್‌ಫರ್ಡ್‌ನಲ್ಲಿ ಶಾಲೆಯ ಹಾಲ್‌ನ ನೆಲದ ಮೇಲೆ ಮಲಗಿದೆವು. ಅಲ್ಲಿನ ಹೆಂಗಸರು ಹ್ಯಾಮ್ ಇಟ್ಟ ಬ್ರೆಡ್ಡು ಕೊಟ್ಟು ಕೊಟ್ಟು ಸಾಕು ಮಾಡಿದರು. ಕೊಲ್ಮನ್‌ನ ಗೊರಕೆಗೆ ನನಗೆ ನಿದ್ದೆಯೇ ಬರಲಿಲ್ಲ.

ಭಾನುವಾರ ಗಾಳಿ ತಿರುಗಿತು. ಪೂರ್ವದಿಂದ, ಎದೆಗೆ ಕೈ ಇಟ್ಟು ತಳ್ಳುವ ಗಾಳಿ, ಜೊತೆಗೆ ಸೋನೆ ಮಳೆ. ಫ್ರೆಂಚ್‌ಪಾರ್ಕ್‌ವರೆಗೆ ಪೊದೆ ನೋಡುತ್ತಾ ಬಂದೆ. ಆಮೇಲೆ ಪೊದೆಯೂ ಕಾಣಲಿಲ್ಲ, ಮುಂದಿನವರ ಹಿಂದಿನ ಚಕ್ರ ಮಾತ್ರ. ಸ್ಟ್ರೋಕ್ಸ್‌ಟೌನ್‌ನ ಅಗಲ ಬೀದಿ ದಾಟಿದೆವು. ಆಮೇಲೆ ನಿನ್ನ ಗೋಡೆ ಬಂತು. ತಲೆ ತಗ್ಗಿಸಿದೆ. ಗೋಡೆ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಎರಡು ಮೈಲಿ ಮುಂದೆ, ಬಾಳೆಹಣ್ಣು ತಿನ್ನಲು ನಿಂತೆವು. ಕೊಲ್ಮನ್ ಸೈಕಲ್ ತಳ್ಳಿಕೊಂಡು ಪಕ್ಕಕ್ಕೆ ಬಂದ.

“ಬೆಳಗ್ಗಿಂದ ಬಸವನಹುಳು ಥರ ಬರ್ತಿದ್ದೆ. ಆ ಗೋಡೆ ಬಂತು ನೋಡು, ಎಲ್ಲರನ್ನೂ ಹಿಂದೆ ಹಾಕಿದೆ. ಆ ಜೋರು ಎಲ್ಲಿಟ್ಟಿದ್ದೆ?”

“ಸುಮ್ನೆ ಹಣ್ಣು ತಿನ್ನು.”

“ನಿಮ್ಮಕ್ಕ ಇರೋದು ಅಲ್ಲೇ ಅಲ್ವಾ?”

“ಒಬ್ಬರಿಗೋಸ್ಕರ ಎಲ್ಲರೂ ನಿಲ್ಲಕ್ಕಾಗಲ್ಲ, ನೀನೇ ಹೇಳಿದ್ದು.”

“ನಾನ್ಯಾವಾಗ ಹೇಳ್ದೆ?”

ಹೇಳಿರಲಿಲ್ಲ, ಅಕ್ಕ. ಅವನ ಹೆಸರಿನಲ್ಲಿ ನಾನೇ ಬರೆದದ್ದು.

“ಅವರೆಲ್ಲ ಹೋಗ್ಲಿ. ನಾನಿಲ್ಲೇ ಇರ್ತೀನಿ, ಈ ಮಂಡಿಗೂ ಸ್ವಲ್ಪ ರೆಸ್ಟು ಬೇಕು,” ಎಂದು ಕಲ್ಲಿನ ಮೇಲೆ ಕೂತುಬಿಟ್ಟ.

ಸೈಕಲ್ ತಿರುಗಿಸಿದೆ. ತುಳಿಯಲೇ ಇಲ್ಲ ಎನ್ನಬೇಕು, ಗಾಳಿಯೇ ಹಿಂದಕ್ಕೆ ಒಯ್ದಿತು. ದಾರಿಯುದ್ದಕ್ಕೂ ನಿನಗೆ ಹೇಳಬೇಕಾದದ್ದನ್ನೆಲ್ಲ ಸಾಲಾಗಿ ಜೋಡಿಸಿದೆ. ಗಂಟೆ ಎಳೆದೆ, ಬಾಗಿಲು ಕಾಯುವ ಸಿಸ್ಟರ್ ನನ್ನನ್ನು ನೋಡಿ, “ಅಯ್ಯೋ, ನೀರಿಳೀತಿದೆಯಲ್ಲಮ್ಮಾ,” ಎಂದು ಭೇಟಿಯ ಕೋಣೆಯಲ್ಲಿ ಕೂರಿಸಿದರು. ಜಾಲರಿಯ ಆಚೆ ನೀನು ಬಂದೆ. ನಿನ್ನ ಮುಖ ಅಮ್ಮನದಾಗಿದೆ. ಯಾರೂ ನನಗೆ ಹೇಳಿರಲಿಲ್ಲ.

“ಎರಡು ನಿಮಿಷ ಕೂತ್ಕೋತೀನಿ ಕಣೇ,” ಎಂದೆ ನಾನು. ಆಮೇಲೆ ತೂಕಡಿಸಿರಬೇಕು. ಎಲ್ಲೋ ಗಂಟೆ ಹೊಡೆದ ಹಾಗೆ, ಯಾರೋ ಬಾಗಿಲು ತೆರೆದು ಮುಚ್ಚಿದ ಹಾಗೆ ಕನಸು. ಕಣ್ಣು ಬಿಟ್ಟಾಗ ನೀನು ಹೇಗೆ ಕೂತಿದ್ದೆಯೋ ಹಾಗೆಯೇ ಕೂತಿದ್ದೆ. ಎಷ್ಟು ಹೊತ್ತಾಯಿತು ಎಂದು ಕೇಳಿದರೆ, “ಎರಡೇ ನಿಮಿಷ,” ಎಂದೆ ನೀನು. ಆಮೇಲೆ ನೀನು ಸೀಟು ಸರಿಯಾಯಿತೇ ಎಂದು ಕೇಳಿದೆ, ನಾನು ಸರಿಯಾಯಿತು ಎಂದೆ. ಎದ್ದು ಬಂದೆ. ಎರಡು ತಿಂಗಳು ಕಟ್ಟಿಕೊಂಡು ಬಂದ ಮಾತಿನಲ್ಲಿ ಒಂದೂ ಆಡಲಿಲ್ಲ.

ಕೊಲ್ಮನ್ ನನ್ನ ಮೇಲೆ ಹರಿಹಾಯ್ದ. ಒಂದೂವರೆ ಗಂಟೆ ಕಾಯಿಸಿದೆ ಅಂತೆ, ಮಳೆಯಲ್ಲಿ ನೆಂದು ಅವನ ಮಂಡಿ ಬಾಗಿಲಿನ ಕೀಲಿನ ಹಾಗೆ ಕಿರುಗುಟ್ಟಿತಂತೆ. ಆ ಮುದುಕ ಗಡಿಯಾರ ನೋಡಲು ಕಲಿಯಬೇಕು. ಆದರೆ ಒಂದು ವಿಚಿತ್ರ. ಅಲ್ಲಿಂದ ಲಾಂಗ್‌ಫರ್ಡ್‌ವರೆಗೆ ಅದೇ ಗಾಳಿ, ಅದೇ ಮಳೆ, ನನ್ನ ಕಾಲು ಮಾತ್ರ ಬೇರೆ ಯಾರದೋ. ಷ್ಯಾನನ್ ನದಿಯ ಸೇತುವೆಯ ಹತ್ತಿರ ಮಳೆಗೆಂದು ನಿಂತಿದ್ದ ಎಲ್ಲರನ್ನೂ ನಾವಿಬ್ಬರೂ ಹಿಡಿದೆವು.

ಸೋಮವಾರ ಡಬ್ಲಿನ್ ಮುಟ್ಟಿದೆವು. ಸಮುದ್ರಕ್ಕೆ ಮುಂದಿನ ಚಕ್ರ ಇಳಿಸಿದೆವು. ಸೆಪ್ಟೆಂಬರ್‌ನಿಂದ ನರ್ಸು ಬರುತ್ತಾಳಂತೆ, ಅಕಿಲ್ ಕಡೆಯ ಹುಡುಗಿ.

ಸಿಟ್ಟು ಹೋಯಿತೇ ಎಂದು ಕೇಳಬೇಡ. ದಿಬ್ಬ ಏರುವಾಗ ಇರುತ್ತದೆ, ಇಳಿಯುವಾಗ ನೆನಪಾಗುವುದಿಲ್ಲ. ಬರೆಯುತ್ತಿರು.

ನೂಲಾ


ಮಠ
೧೨ ಜೂನ್ ೧೯೯೧

ನನ್ನ ನೂಲಾ,

ಭಾನುವಾರ ಎರಡು ಗಂಟೆಗೆ ನಾನು ಗೋಡೆಯ ಒಳಬದಿಯಲ್ಲಿದ್ದೆ. ನಿಮ್ಮ ಚಕ್ರಗಳ ಸದ್ದು ಬಂತು, ಮಳೆಯ ಮೇಲೆ ಮಳೆ ಬಿದ್ದ ಹಾಗೆ, ಮತ್ತೆ ಹೋಯಿತು. ಅದರಲ್ಲಿ ಯಾವುದು ನಿನ್ನದೆಂದು ಗೊತ್ತಾಗಲಿಲ್ಲ. ಎಲ್ಲವೂ ನಿನ್ನದೇ ಎಂದುಕೊಂಡು ತರಕಾರಿ ಮಡಿಗೆ ಹೋಗಿ ಕಳೆ ಕೀಳತೊಡಗಿದೆ. ನೀನು ಬಾಗಿಲ ಗಂಟೆ ಬಾರಿಸಿದಾಗ ಕೈಯೆಲ್ಲ ಮಣ್ಣಾಗಿತ್ತು. ಹಾಗೆಯೇ ಬಂದೆ.

ನೀನು ಮಾತು ಮುಗಿಸುವ ಮೊದಲೇ ನಿನಗೆ ನಿದ್ದೆ ಬಂದಿತ್ತು. ತಲೆ ಗೋಡೆಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಕೈಗಳು ಮಡಿಲಲ್ಲಿ ಇನ್ನೂ ಹ್ಯಾಂಡಲ್ ಹಿಡಿದ ಹಾಗೆಯೇ ಬಾಗಿದ್ದವು. ನಿನ್ನ ಬೂಟಿನಿಂದ ನೀರು ಹರಿದು ಜಾಲರಿಯ ಕೆಳಗಿನಿಂದ ನನ್ನ ಕಡೆಗೆ ಬಂತು. ಮೂವತ್ತೊಂದು ವರ್ಷದಲ್ಲಿ ನಮ್ಮವರು ಯಾರೂ ನಿದ್ದೆ ಮಾಡುವುದನ್ನು ನಾನು ನೋಡಿರಲಿಲ್ಲ. ಬಂದವರೆಲ್ಲ ಒಳ್ಳೆಯ ಬಟ್ಟೆ ತೊಟ್ಟು, ನೆಟ್ಟಗೆ ಕೂತು, ಎಲ್ಲ ಚೆನ್ನಾಗಿದೆ ಎಂದು ಹೇಳಿ ಹೋಗುತ್ತಿದ್ದರು.

ಮೂರು ಗಂಟೆಯ ಪ್ರಾರ್ಥನೆಗೆ ಕರೆ ಬಂತು. ನೀನು ಕನಸಿನಲ್ಲಿ ಕೇಳಿದ್ದು ಅದೇ. ಆ ಗಂಟೆ ಕೇಳಿದರೆ ಬರೆಯುತ್ತಿದ್ದ ಅಕ್ಷರವನ್ನೂ ಅರ್ಧಕ್ಕೆ ಬಿಟ್ಟು ಏಳಬೇಕು, ಇಲ್ಲಿಯವರೆಗೆ ಎದ್ದಿದ್ದೇನೆ. ಅವತ್ತು ಏಳಲಿಲ್ಲ. ಕಾಲು ಬರಲಿಲ್ಲ ಎಂದಲ್ಲ. ಕಾಲು ಚೆನ್ನಾಗಿಯೇ ಇತ್ತು, ನಾನು ಏಳಲಿಲ್ಲ. ಮದರ್ ಇಗ್ನೇಷಿಯಾ ಹುಡುಕಿಕೊಂಡು ಬಂದರು. ಬಾಗಿಲು ತೆರೆದು ನನ್ನನ್ನು ನೋಡಿದರು, ನಿನ್ನನ್ನು ನೋಡಿದರು. ನಿನ್ನನ್ನೇ ಹೆಚ್ಚು ಹೊತ್ತು ನೋಡಿದರು. ಸದ್ದಾಗದ ಹಾಗೆ ಮುಚ್ಚಿಕೊಂಡು ಹೋದರು.

ಶುಕ್ರವಾರ ನಾವು ಎಲ್ಲರೆದುರು ಮಂಡಿಯೂರಿ ವಾರದ ತಪ್ಪುಗಳನ್ನು ಹೇಳಿಕೊಳ್ಳಬೇಕು. ಗಂಟೆ ಕೇಳಿಯೂ ಏಳಲಿಲ್ಲ ಎಂದೆ. “ಯಾಕೆ?” ಎಂದು ಮದರ್ ಕೇಳಿದರು, ನೋಡಿದ್ದರೂ. “ತಂಗಿ ಮಲಗಿದ್ದಳು,” ಎಂದೆ. ಸಿಸ್ಟರ್ ಸ್ಕೊಲಾಸ್ಟಿಕಾ ಮತ್ತೆ ಕೆಮ್ಮಿದರು. ಒಂದು ವಾರ ಪಾತ್ರೆ ತೊಳೆಯುವ ಕೆಲಸ ಸಿಕ್ಕಿದೆ.

ಇನ್ನೊಂದು ತಪ್ಪಿತ್ತು. ಅದನ್ನು ಅಲ್ಲಿ ಹೇಳಲಿಲ್ಲ, ಅವರಿಗೆ ಸೇರಿದ್ದಲ್ಲ. ಕೊಲ್ಮನ್‌ಗೆ ಗಡಿಯಾರ ನೋಡಲು ಬರುತ್ತದೆ, ನೂಲಾ, ಅವನನ್ನು ಬೈಯಬೇಡ. ಎರಡು ನಿಮಿಷ ಎಂದು ನಾನು ನಿನಗೆ ಸುಳ್ಳು ಹೇಳಿದೆ. ನೀನು ಮಲಗಿದ್ದು ಐವತ್ತು ನಿಮಿಷ. ಎಬ್ಬಿಸಬಹುದಿತ್ತು. ಮನಸ್ಸು ಬರಲಿಲ್ಲ.

ಮರೇಡ್